ಮೂರನೇ ನಂಬರಿನ ಕೆಂಪು ಬಟ್ಟೆ

ಆ ದಿನ ಮಧ್ಯಾಹ್ನ ಮೂರನೇ ನಂಬರಿನ ಬುಡದಲ್ಲಿ ಕಟ್ಟಿದ್ದ ಹಗ್ಗ ಬಿಚ್ಚಿದವನು ನಾನೇ. ಬೇರೆಯವರ ತಲೆ ಮೇಲೆ ಗೂಬೆ ಕೂರಿಸುವ ಚಾಳಿ ನನ್ನದಲ್ಲ. ಅದಕ್ಕೆಂದೇ ಸಂಬಳ ತೆಗೆದುಕೊಳ್ಳುವವರು ಮೇಲಿನ ಆಫೀಸಿನಲ್ಲಿ ಬೇರೆ ಇದ್ದಾರೆ.

ನೆಲದಡಿಯ ಮೆಟ್ರೋದಿಂದ ಮೇಲಿನ ದೊಡ್ಡ ರೈಲು ನಿಲ್ದಾಣಕ್ಕೆ ಹೋಗಲು ಇರುವುದು ಒಂದೇ ಸುರಂಗ ದಾರಿ. ನಾನೂರು ಹೆಜ್ಜೆ ಉದ್ದ, ಬಿಳಿ ಟೈಲು, ಮೂರರಲ್ಲಿ ಒಂದು ಟ್ಯೂಬ್‌ಲೈಟು ಯಾವಾಗಲೂ ಕಣ್ಣು ಮಿಟುಕಿಸುತ್ತಿರುತ್ತದೆ. ದಾರಿ ಮುಗಿಯುವಲ್ಲಿ ಮೂರು ಎಸ್ಕಲೇಟರು, ಪಕ್ಕದಲ್ಲಿ ಒಂದು ಕಲ್ಲಿನ ಮೆಟ್ಟಿಲು. ಒಂದನೆಯದು ಇಳಿಯುತ್ತದೆ. ಎರಡು ಮತ್ತು ಮೂರು ಏರುತ್ತವೆ. ಮೂರು ಮಹಡಿ ಎತ್ತರ. ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಜನ ಬಾವಿಯಿಂದ ಮೇಲೆ ಬರುತ್ತಿರುವ ಹಾಗೆ ಕಾಣುತ್ತಾರೆ. ಮೊದಲು ತಲೆಗೂದಲು, ಆಮೇಲೆ ಮುಖ.

ನಾನು ಆ ಮೂರನ್ನೂ ನೋಡಿಕೊಳ್ಳುವ ಕಂಟ್ರಾಕ್ಟು ಮೆಕ್ಯಾನಿಕ್. ಕೀಲಿ ತಿರುಗಿಸಿ ಓಡಿಸುವುದು, ನಿಲ್ಲಿಸುವುದು, ಎಣ್ಣೆ ಬಿಡುವುದು, ಸಂದಿಗೆ ಸಿಕ್ಕಿಕೊಂಡ ಚಪ್ಪಲಿ ಬಿಡಿಸಿ ಬೈಸಿಕೊಳ್ಳುವುದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಮ್ಮ ಇಂಜಿನಿಯರು ನನ್ನನ್ನು ಕರೆಯುವುದೇ ಹಾಗೆ. "ಏಯ್ ಎಂಟನೇ ಕ್ಲಾಸು, ಬಾ ಇಲ್ಲಿ." ನಾಲ್ಕು ಜನರೆದುರು ಹಾಗೆ ಕರೆದಾಗ ನಾಲ್ಕು ಜನ ನಗುತ್ತಾರೆ. ಓದಿದವರು ನಗಬೇಕಾದದ್ದೇ. ಅವರ ಬೂಟಿನ ಕೆಳಗೆ ಓಡುವ ಮೆಟ್ಟಿಲಿಗೆ ಎಣ್ಣೆ ಹಾಕುವವನು ನಾನಾದರೂ.

ಕೆಲಸ ಕಲಿಸಿದವನು ಗ್ರೀಸಣ್ಣ. ಅವನ ಹೆಂಡತಿ ಮಕ್ಕಳು ಕೂಡ ಅವನನ್ನು ಹಾಗೆಯೇ ಕರೆಯುತ್ತಾರೆಂದು ನನ್ನ ಗುಮಾನಿ. ಮೊದಲ ದಿನವೇ ಮೂರರ ಮೇಲ್ತುದಿಯ ನೆಲದ ತಗಡು ಎತ್ತಿ ತೋರಿಸಿದ್ದ. ಕೆಳಗೆ ಮೋಟರು. ಮೋಟರಿನಿಂದ ದೊಡ್ಡ ಚಕ್ರಕ್ಕೆ ಒಂದು ಚೈನು, ಸೈಕಲ್ ಚೈನಿನ ದೊಡ್ಡಪ್ಪ ಅನ್ನಿ. "ಏರ್ತಾ ಇರೋ ಅಷ್ಟೂ ಜನದ ಭಾರ ಇದರ ಮೇಲಿದೆ ಕಣೋ. ಇದು ಹರಿದ್ರೆ ಮೋಟರು ಸುಮ್ನೆ ತಿರುಗ್ತಾ ಇರತ್ತೆ. ಮೆಟ್ಲು ಮಾತ್ರ ಜನದ ತೂಕಕ್ಕೆ ಉಲ್ಟಾ ಓಡತ್ತೆ, ಕೆಳಕ್ಕೆ. ಓಡತ್ತೆ ಅಂದ್ರೆ ಬ್ರೇಕ್ ಇಲ್ಲದ ಲಾರಿ ಥರ. ಬುಡದಲ್ಲಿ ಜನ ರಾಶಿ ಬೀಳ್ತಾರೆ, ಆ ರಾಶಿ ಮೇಲೆ ಇನ್ನೊಂದು ರಾಶಿ." ಆಮೇಲೆ ಚೈನಿನ ಪಕ್ಕದಲ್ಲಿದ್ದ ಬೆರಳುದ್ದದ ಸ್ವಿಚ್ಚು ತೋರಿಸಿದ. ಚೈನು ಸಡಿಲವಾದ ಕೂಡಲೇ ಆ ಸ್ವಿಚ್ಚು ಬೀಳುತ್ತದೆ, ಕರೆಂಟು ಹೋಗುತ್ತದೆ, ಇನ್ನೊಂದು ಬ್ರೇಕು ಚಕ್ರವನ್ನು ಕಚ್ಚಿ ಹಿಡಿಯುತ್ತದೆ. "ಇವನೊಬ್ಬ ಕಾವಲುಗಾರ. ಇವನು ಎಚ್ಚರ ಇರೋವರೆಗೂ ಯಾರೂ ಸಾಯಲ್ಲ."

ಮೂರರ ಚೈನು ಹಳತಾಗಿ ಉದ್ದವಾಗಿತ್ತು. ಸ್ವಿಚ್ಚು ದಿನಕ್ಕೆ ಐದು ಸಲ ಬೀಳತೊಡಗಿತು. ಬಿದ್ದಾಗಲೆಲ್ಲ ಮೇಲಿನ ಆಫೀಸಿನಲ್ಲಿ ಕೆಂಪು ದೀಪ ಹತ್ತುತ್ತದೆ, ದೀಪ ಹತ್ತಿದಾಗಲೆಲ್ಲ ಇಂಜಿನಿಯರಿಗೆ ಫೋನು ಬರುತ್ತದೆ. ಹೊಸ ಚೈನು ಬರುವವರೆಗೆ ಅಂತ ಅವರು ಗ್ರೀಸಣ್ಣನ ಕೈಯಲ್ಲಿ ಮೇಲ್ತುದಿಯ ಗೋಡೆಯ ಕರೆಂಟು ಪ್ಯಾನಲ್ಲಿನೊಳಗೆ ಗ್ರೀಸು ಮೆತ್ತಿದ ಒಂದು ತುಂಡು ವೈರು ಹಾಕಿಸಿ ಸ್ವಿಚ್ಚಿನ ಬಾಯಿ ಕಟ್ಟಿಸಿದರು. ಈಗ ಚೈನು ಸಡಿಲವಾಗಲಿ, ಹರಿಯಲಿ, ಸ್ವಿಚ್ಚು ಉಸಿರೆತ್ತುವುದಿಲ್ಲ. ಕಾವಲುಗಾರನಿಗೆ ನಿದ್ದೆ ಮಾತ್ರೆ.

ಇದನ್ನು ಎಲ್ಲೂ ಬರೆಯುವಂತಿಲ್ಲ. ಬರೆದರೆ ಯಾರಿಗೋ ಗೊತ್ತಿತ್ತು ಎಂದಾಗುತ್ತದೆ. ಅದಕ್ಕೇ ನಮ್ಮ ಮೆಕ್ಯಾನಿಕ್ಕುಗಳಲ್ಲಿ ಒಂದು ರೂಢಿ. ವೈರು ಹಾಕಿದವನು ಆ ಪ್ಯಾನಲ್ ಬಾಗಿಲಿನ ಹಿಡಿಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಬೇಕು. ಮುಂದಿನ ಶಿಫ್ಟಿನವನು ಅದನ್ನು ನೋಡಿ ಸಂಜೆ ಜನ ಸೇರುವ ಹೊತ್ತಿಗೆ ಬುಡದಲ್ಲಿ ಹಗ್ಗ ಕಟ್ಟಬೇಕು, ಭಾರ ಬೀಳಲು ಬಿಡಬಾರದು. ಖಾಲಿ ಹೊತ್ತಿನಲ್ಲಿ ಮಾತ್ರ ಓಡಿಸಬೇಕು. ಬಟ್ಟೆ ಹೋದರೆ ವೈರು ಹೋಯಿತು, ರಿಪೇರಿಯಾಯಿತು ಎಂದರ್ಥ. ಕಂಪನಿಯ ತಪಾಸಣೆ ಪುಸ್ತಕದಲ್ಲಿ ದಿನವೂ ಎಲ್ಲ ಮನೆಗಳಿಗೂ ಟಿಕ್ಕು ಬಿದ್ದಿರುತ್ತದೆ. ಆ ಪುಸ್ತಕವನ್ನು ನಾವು ಯಾರೂ ಓದುವುದಿಲ್ಲ. ಬಟ್ಟೆಯನ್ನು ಓದುತ್ತೇವೆ.

ದೊಡ್ಡ ರಜೆ ಶುರುವಾಗುವ ಹಿಂದಿನ ದಿನ ಅದು. ಎರಡು ಗಂಟೆಗೆ ಶಿಫ್ಟಿಗೆ ಬಂದೆ. ಪ್ಯಾನಲ್ಲಿನ ಹಿಡಿಯಲ್ಲಿ ಬಟ್ಟೆ ಇರಲಿಲ್ಲ. ಸ್ಟೀಲು ಫಳಫಳ ಹೊಳೆಯುತ್ತಿತ್ತು. ಗ್ರೀಸಣ್ಣ ಎರಡು ದಿನದಿಂದ ರಜೆ, ಮಗಳ ಹೆರಿಗೆ. ನನಗೂ ಹಿಂದಿನ ದಿನ ವಾರದ ರಜೆಯಿತ್ತು. ಹೋಗುವ ಮೊದಲು ಚೈನು ಹಾಕಿಸಿಯೇ ಹೋಗಿದ್ದಾನೆ ಮಾರಾಯ ಅಂದುಕೊಂಡೆ. ಪ್ಯಾನಲ್ ತೆಗೆದು ನೋಡೋಣವೆಂದರೆ ಅದರ ಕೀಲಿ ನನ್ನ ಬಳಿ ಇರುವುದಿಲ್ಲ, ಒಂದು ಗ್ರೀಸಣ್ಣನ ಹತ್ತಿರ, ಇನ್ನೊಂದು ಇಂಜಿನಿಯರ ಹತ್ತಿರ. ನೆಲದ ತಗಡು ಎತ್ತಿ ಚೈನು ನೋಡುವ ಬುದ್ಧಿ ಬರಲಿಲ್ಲ, ಬಟ್ಟೆ ಓದಿಯೇ ಅಭ್ಯಾಸ. ಕೆಳಗೆ ಹೋಗಿ ಹಿಂದಿನ ಸಂಜೆ ಕಟ್ಟಿದ್ದ ಹಗ್ಗ ಬಿಚ್ಚಿ ಸುತ್ತಿಟ್ಟೆ. ಮೂರು ಮೇಲಕ್ಕೆ ಓಡತೊಡಗಿತು. ಶಿಳ್ಳೆ ಹಾಕಿದ್ದೆನೋ ಏನೋ.

ಮೂರೂವರೆ ಹೊತ್ತಿಗೆ ಜನ ದಟ್ಟವಾದರು. ಸೂಟ್‌ಕೇಸು, ಹೆಗಲ ಮೇಲೆ ಮಕ್ಕಳು, ಹಗ್ಗ ಬಿಗಿದ ರಟ್ಟಿನ ಡಬ್ಬಗಳು. ಆಗಲೇ ಒಂದು ಸದ್ದು ಶುರುವಾದದ್ದು. ಹತ್ತು ಹನ್ನೆರಡು ಎಣಿಸುವಷ್ಟರಲ್ಲಿ ಒಮ್ಮೆ, ಬಿಕ್ಕಳಿಕೆಯ ಹಾಗೆ. ಟಕ್. ಸದ್ದಿನ ಜೊತೆಗೆ ಕೈ ಹಿಡಿಯುವ ರಬ್ಬರು ಪಟ್ಟಿ ಕೂದಲೆಳೆಯಷ್ಟು ಅದುರುತ್ತಿತ್ತು. ಹೊಸ ಚೈನು, ಒಗ್ಗಿಕೊಳ್ಳುವವರೆಗೆ ಹೀಗೇ ಅಂತ ನನಗೆ ನಾನೇ ತಿಪ್ಪೆ ಸಾರಿಸಿಕೊಂಡೆ.

ದಿನವೂ ಆ ದಾರಿಯಲ್ಲಿ ಬರುವ, ಕಣ್ಣು ಕಾಣದ ಸಂಗೀತದ ಮೇಷ್ಟ್ರೊಬ್ಬರಿದ್ದಾರೆ. ಮೂರರ ಬುಡಕ್ಕೆ ಬಂದವರು ಕೋಲು ಊರಿ ನಿಂತರು.

"ಏನಪ್ಪಾ, ಇವತ್ತು ಇದಕ್ಕೆ ನೆಗಡಿಯಾ?"

"ಏನಿಲ್ಲ ಮೇಷ್ಟ್ರೇ, ಹತ್ತಿ. ಹೊಸ ಚೈನು."

ತಲೆ ಓರೆ ಮಾಡಿ ಇನ್ನೊಂದು ಟಕ್ ಕೇಳಿಸಿಕೊಂಡರು. "ಹೊಸದು ಹೀಗೆ ಕೆಮ್ಮಲ್ಲಪ್ಪ. ನಾನು ಕಲ್ಲು ಮೆಟ್ಲಲ್ಲೇ ಹೋಗ್ತೀನಿ, ನನಗೇನು ಓಡೋ ಅರ್ಜೆಂಟಿಲ್ಲ." ಮೂರು ಮಹಡಿಯನ್ನು ಒಂದೊಂದೇ ಕೋಲು ಕುಟ್ಟುತ್ತ ಹತ್ತಿ ಹೋದರು. ಕೋಲಿನ ಸದ್ದು ಮೇಲೆ ಹೋಗಿ ಕರಗುವವರೆಗೆ ನಾನು ಅಲ್ಲೇ ನಿಂತಿದ್ದೆ.

ಐದಕ್ಕೆ ಹತ್ತು ನಿಮಿಷವಿರುವಾಗ ಮೇಲ್ತುದಿಯಿಂದ ಅಕ್ಕ ಕೂಗಿದಳು. ನನ್ನ ಸ್ವಂತ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಸುರಂಗ ಒರೆಸುವ ಕೆಲಸ ಅವಳದು. ಅವಳ ಸಂಬಳದಲ್ಲಿ ನಮ್ಮ ಮನೆಯ ಬಾಡಿಗೆ, ಅಮ್ಮನ ಉಸಿರಾಟದ ಔಷಧಿ. ನನ್ನದರಲ್ಲಿ ಉಳಿದದ್ದು.

"ಲೋ, ನಿನ್ನ ಮೂರನೆಯವಳು ಮತ್ತೆ ಕಕ್ಕಿಕೊಂಡಿದಾಳೆ ಬಾ ನೋಡು! ಇವಳ ಬಾಯಿ ಒರೆಸಿ ಒರೆಸಿ ನನ್ನ ಸೊಂಟ ಬಿದ್ದೋಯ್ತು."

ಮೇಲಕ್ಕೆ ಓಡಿದೆ. "ಏನಕ್ಕಾ ಅದು?"

ಮಾಪಿನ ತುದಿಯನ್ನು ನನ್ನ ಮೂಗಿಗೆ ಹಿಡಿದಳು. ಇಟ್ಟಿಗೆ ಬಣ್ಣದ ಪುಡಿ. ನೆಲದ ತಗಡಿನ ಸಂದಿಯಿಂದ ಉದುರಿ ಮೂರರ ಬಾಯಿಯ ಸುತ್ತ ತೆಳ್ಳಗೆ ಹರಡಿತ್ತು. ಬೆರಳಲ್ಲಿ ಉಜ್ಜಿದೆ. ಎಣ್ಣೆಯಿಲ್ಲ, ಒಣಗಿದ ಕಬ್ಬಿಣ. ಹೊಸ ಚೈನು ಎಣ್ಣೆಯಲ್ಲಿ ಮಿಂದು ಬಂದಿರುತ್ತದೆ, ಒಂದು ಚಿಟಿಕೆ ಪುಡಿ ಕೊಡುವುದಿಲ್ಲ. ಇದು ಹಳೆಯ ಚೈನು ತನ್ನನ್ನು ತಾನೇ ತಿಂದುಕೊಳ್ಳುತ್ತಿರುವ ಪುಡಿ.

"ಅಕ್ಕಾ, ಈ ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಿತ್ತಲ್ಲ?"

"ಆ ಗಲೀಜಾ? ನಿನ್ನೆ ಸಂಜೆನೇ ಕಿತ್ತು ಬಿಸಾಕ್ದೆ. ನಾಳೆ ಯಾರೋ ದೊಡ್ಡೋರು ನೋಡಕ್ಕೆ ಬರ್ತಾರಂತೆ, ಒಂದು ಚಿಂದಿ ಕಾಣಬಾರದು ಅಂತ ನಿಮ್ಮ ಇಂಜಿನಿಯರೇ ನಿಂತು ಹೇಳಿದ್ರು. ಹಿಡಿ ಕೂಡ ಪಾಲಿಷ್ ಹಾಕಿದೀನಿ ನೋಡು. ಯಾಕೋ? ಮುಖ ಯಾಕೆ ಹಂಗಾಯ್ತು?"

ಮಧ್ಯಾಹ್ನ ಎರಡರಿಂದ ನಾನು ಜನರನ್ನು ಕೈ ಬೀಸಿ ಕರೆದು ಹತ್ತಿಸುತ್ತಿದ್ದೇನೆ.

ಗ್ರೀಸಣ್ಣನಿಗೆ ಫೋನು ಮಾಡಿದೆ. ಹಿಂದೆ ಮಗು ಅಳುತ್ತಿತ್ತು. "ಹೆಣ್ಣು ಮಗು ಕಣೋ! ಎಣ್ಣೆ ಹಾಕ್ದೇನೆ ಹೆಂಗೆ ಕಿರುಚ್ತಾ ಇದೆ ಕೇಳು..."

"ಅಣ್ಣಾ, ಮೂರರ ಚೈನು ಹಾಕಿದ್ಯಾ?"

"ಎಲ್ಲಿಂದ ಹಾಕ್ಲಿ, ಬಂದ್ರೆ ತಾನೇ? ಬಟ್ಟೆ ಕಟ್ಟಿ ಬಂದಿದೀನಲ್ಲ."

"ಬಟ್ಟೆ ಇಲ್ಲ. ನಾನು ಹಗ್ಗ ಬಿಚ್ಚಿ ಮೂರು ಗಂಟೆ ಆಯ್ತು. ಟಕ್ ಟಕ್ ಅಂತಿದೆ."

ಮಗುವಿನ ಅಳು ದೂರವಾಯಿತು, ಅವನು ಎದ್ದು ಹೊರಗೆ ನಡೆದಿರಬೇಕು. ಆಮೇಲೆ ಗ್ರೀಸಣ್ಣ ಬೇರೆ ದನಿಯಲ್ಲಿ, ನನ್ನ ಅಪ್ಪ ಸಾಯುವಾಗ ಡಾಕ್ಟರು ಮಾತಾಡಿದ ದನಿಯಲ್ಲಿ, "ಟಕ್ ಅನ್ನೋದು ಚೈನಿನ ಒಂದು ಕೊಂಡಿ ಬಿಟ್ಟಿದೆ ಅಂತ. ಜನರನ್ನ ಇಳಿಸು. ಜನ ಇರುವಾಗ ದಿಢೀರ್ ನಿಲ್ಲಿಸಬೇಡ, ಒಬ್ಬರ ಮೇಲೊಬ್ಬರು ಬೀಳ್ತಾರೆ. ಬುಡದಲ್ಲಿ ತಡಿ, ಖಾಲಿ ಆಗ್ಲಿ, ಆಮೇಲೆ ನಿಲ್ಸು. ಈಗ್ಲೇ" ಎಂದ.

ಇಂಜಿನಿಯರು ಮೇಲಿನ ಹಾಲಿನಲ್ಲೇ ಇದ್ದರು, ವಾಕಿಟಾಕಿ ಹಿಡಿದುಕೊಂಡು. ದೊಡ್ಡ ಬೋರ್ಡಿನಲ್ಲಿ ದೂರದ ಊರುಗಳ ಮೂರು ರೈಲು ಐದೂವರೆಯಿಂದ ಆರರೊಳಗೆ ಹೊರಡುವುದೆಂದು ತೋರಿಸುತ್ತಿತ್ತು. ಕೆಳಗೆ ಮೆಟ್ರೋ ಮೂರು ನಿಮಿಷಕ್ಕೊಮ್ಮೆ ಸಾವಿರ ಜನರನ್ನು ಉಗುಳುತ್ತಿತ್ತು.

"ಸಾರ್, ಮೂರು ನಿಲ್ಲಿಸಬೇಕು. ವೈರು ಇನ್ನೂ ಇದೆ. ಚೈನಿನ ಕೊಂಡಿ ಬಿಟ್ಟಿದೆ."

ಅತ್ತ ಇತ್ತ ನೋಡಿ ನನ್ನ ರಟ್ಟೆ ಹಿಡಿದು ಕಂಬದ ಹಿಂದಕ್ಕೆ ಎಳೆದರು. "ಮೆಲ್ಲಗೆ ಮಾತಾಡು. ವೈರು ಗೀರು ಅಂತ ಕೂಗಬೇಡ. ಇವತ್ತು ನಿಲ್ಲಿಸಿದ್ರೆ ಸುರಂಗ ತುಂಬತ್ತೆ. ಸುರಂಗ ತುಂಬಿದ್ರೆ ಕೆಳಗಿನ ಪ್ಲಾಟ್‌ಫಾರ್ಮ್ ತುಂಬತ್ತೆ. ಅಲ್ಲಿಂದ ಯಾರಾದ್ರೂ ಹಳಿ ಮೇಲೆ ಬಿದ್ರೆ ನೀನು ಹೊರ್ತೀಯಾ?"

"ಕೆಳಗಿನ ಗೇಟು ಅರ್ಧ ಮುಚ್ಚಿಸಿ ಸಾರ್. ಎರಡಿದೆ, ಕಲ್ಲು ಮೆಟ್ಲಿದೆ. ನಿಧಾನ ಆಗತ್ತೆ ಅಷ್ಟೇ."

"ನಿಧಾನ ಆದ್ರೆ ರೈಲು ತಪ್ಪತ್ತೆ. ರೈಲು ತಪ್ಪಿದ್ರೆ ಗಲಾಟೆ. ಏನೋ ಎಂಟನೇ ಕ್ಲಾಸು, ನನಗೇ ಪಾಠ ಹೇಳ್ತೀಯಾ? ಇಷ್ಟು ದಿನ ಓಡಿಲ್ವಾ? ಇನ್ನೊಂದು ಗಂಟೆ ಓಡತ್ತೆ."

"ಇಷ್ಟು ದಿನ ಹಗ್ಗ ಕಟ್ಟಿತ್ತು ಸಾರ್. ಭಾರ ಇರಲಿಲ್ಲ."

"ಬಿಚ್ಚಿದ್ದು ಯಾರು?"

"ನಾನೇ," ಅಂದೆ. ಅವರು ಮುಗುಳ್ನಕ್ಕರು. "ಬಟ್ಟೆ ಕಿತ್ತಿದ್ದು ಯಾರು? ನಿಮ್ಮಕ್ಕ ತಾನೇ? ಏನಾದ್ರೂ ಆದ್ರೆ ನಾನು ಬರೆಯೋದು ಎರಡೇ ಹೆಸರು. ಸುರಕ್ಷತೆ ಗುರುತು ಕಿತ್ತವಳು, ಹಗ್ಗ ಬಿಚ್ಚಿದವನು. ಏನೂ ಆಗದೆ ಸುಮ್ನೆ ನಿಲ್ಲಿಸಿದ್ರೂ ಅದನ್ನೇ ಬರೀತೀನಿ. ಅವಳು ನಾಳೆಯಿಂದ ಇಲ್ಲಿ ನೆಲ ಒರೆಸಲ್ಲ. ಹೋಗು, ನಿನ್ನ ಜಾಗದಲ್ಲಿ ನಿಂತ್ಕೋ."

ಅವರಿಗೆ ಹೊಡೆಯಬೇಕೆನ್ನಿಸಿತು. ನಿಜ ಹೇಳುತ್ತೇನೆ, ಕೈಯಲ್ಲಿ ದೊಡ್ಡ ಸ್ಪ್ಯಾನರಿತ್ತು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಜೀವಮಾನದಲ್ಲಿ ಒಂದು ಚೈನು ಮುಟ್ಟದ ಕೈಗಳನ್ನು ಹಿಂದೆ ಕಟ್ಟಿಕೊಂಡು ನಡೆದು ಹೋದರು. ಹೊಡೆದಿದ್ದರೆ ಹತ್ತು ನಿಮಿಷ ಪೊಲೀಸರ ಜೊತೆ ಕಳೆಯುತ್ತಿತ್ತು, ಆ ಹತ್ತು ನಿಮಿಷ ಮೂರು ಓಡುತ್ತಲೇ ಇರುತ್ತಿತ್ತು.

ಓಡಿ ಬಂದು ಅಕ್ಕನಿಗೆ ಎಲ್ಲ ಹೇಳಿದೆ, ಕೆಲಸ ಹೋಗುವುದನ್ನೂ ಸೇರಿಸಿ. ಅವಳು ಕೆಳಗೆ ನೋಡಿದಳು. ಮೂರರ ಪ್ರತಿ ಮೆಟ್ಟಿಲಿನ ಮೇಲೂ ಇಬ್ಬರಿಬ್ಬರು. ನಡುವೆ ಒಬ್ಬಳು ಹೆಂಗಸು ಮಗುವಿನ ಷೂ ಲೇಸು ಕಟ್ಟಲು ಬಗ್ಗಿದ್ದಳು. ಟಕ್. ಅಷ್ಟೂ ತಲೆಗಳು ಒಟ್ಟಿಗೆ ಒಮ್ಮೆ ಅಲುಗಿದವು, ಯಾರೂ ಗಮನಿಸಲಿಲ್ಲ.

"ಒಂದು ಚಿಂದಿ ಬಟ್ಟೇಲಿ ಇಷ್ಟೆಲ್ಲ ಇಟ್ಟಿದ್ರಾ ನೀವು?" ಅಂದಳು ಅಕ್ಕ. "ನನಗೊಂದು ಮಾತು ಹೇಳಕ್ಕೆ ನಿಂಗೇನು ಬಾಯಲ್ಲಿ ಕಡುಬು ಇತ್ತೇನೋ?"



ಇಬ್ಬರೂ ಕಲ್ಲು ಮೆಟ್ಟಿಲಿನಲ್ಲಿ ಕೆಳಗೆ ಓಡಿದೆವು, ಅಕ್ಕ ಬಕೆಟ್ಟಿನ ಸಮೇತ. ನಾನು ಬುಡದಲ್ಲಿ ಹಗ್ಗ ಅಡ್ಡ ಹಿಡಿದೆ. ಜನ ಹಗ್ಗವನ್ನು ಎತ್ತಿ ಕೆಳಗಿನಿಂದ ನುಸುಳಿದರು. "ಏನ್ರೀ, ರೈಲು ತಪ್ಪತ್ತೆ!" "ಜಾಗ ಬಿಡೋ!" ಒಬ್ಬ ಸೂಟ್‌ಕೇಸಿನಲ್ಲಿ ನನ್ನ ಮೊಣಕಾಲಿಗೆ ಗುದ್ದಿದ. ಎರಡೂ ಕೈ ಅಗಲಿಸಿ "ಕೆಟ್ಟಿದೆ, ಕೆಟ್ಟಿದೆ" ಎಂದು ಕೂಗಿದೆ. ಕಣ್ಣೆದುರು ಓಡುತ್ತಿರುವುದನ್ನು ಕೆಟ್ಟಿದೆ ಎಂದರೆ ಯಾರು ನಂಬುತ್ತಾರೆ?

ಆಗ ಹಿಂದಿನಿಂದ ಬಳಕ್ ಎಂದು ಸದ್ದಾಯಿತು. ಅಕ್ಕ ತನ್ನ ಇಡೀ ಬಕೆಟ್ಟಿನ ಕೊಳಕು ನೀರನ್ನು ಮೂರರ ಬಾಯಿಯೆದುರು ಸುರಿದು, ಮೂಗಿಗೆ ಸೆರಗು ಹಿಡಿದು, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. "ವಾಂತಿ! ವಾಂತಿ ಮಾಡ್ಕೊಂಡವ್ರೆ! ನಾಲ್ಕು ಜನಕ್ಕೆ ಆಗಿದೆ, ಅಂಟೋ ರೋಗ ಅಂತೆ! ತುಳೀಬೇಡಿ, ಆ ಕಡೆ ಹೋಗಿ, ಆ ಕಡೆ!"

ಹಗ್ಗಕ್ಕೆ ಹೆದರದ ಜನ ಹೇಸಿಗೆಗೆ ಹೆದರಿದರು. ಅಂಥ ನುಗ್ಗಾಟದಲ್ಲೂ ಒಂದು ಅರ್ಧಚಂದ್ರ ತೆರೆದುಕೊಂಡಿತು. ಇಸ್ತ್ರಿ ಪ್ಯಾಂಟಿನವರು ಮೊದಲು ಹಾರಿದರು. ಎಲ್ಲರೂ ಎರಡರ ಕಡೆಗೂ ಕಲ್ಲು ಮೆಟ್ಟಿಲಿನ ಕಡೆಗೂ ಹೊರಳಿದರು. ಒಬ್ಬ ಮುದುಕ ಮಾತ್ರ ಕರವಸ್ತ್ರ ಕೊಡಲು ಬಂದ. ಅಕ್ಕ ಅವನನ್ನೂ ಗದರಿಸಿ ಓಡಿಸಿದಳು.

ಮೂರರ ಮೇಲೆ ಉಳಿದವರು ಏರುತ್ತ ಹೋದರು. ಐವತ್ತು, ಮೂವತ್ತು, ಹತ್ತು. ಟಕ್ಕುಗಳ ನಡುವಿನ ಅಂತರ ಕಮ್ಮಿಯಾಗಿತ್ತು. ನಾನು ಕೀಲಿಯನ್ನು ತೂತಿಗಿಟ್ಟು ನಿಂತೆ. ಕೊನೆಗೆ ಉಳಿದದ್ದು ಒಬ್ಬ ಕಾಲೇಜು ಹುಡುಗಿ, ಫೋನಿನಲ್ಲಿ ನಗುತ್ತಿದ್ದಳು. ಅವಳ ಹಿಮ್ಮಡಿ ಮೇಲಿನ ತಗಡು ಮುಟ್ಟಿದ ಕ್ಷಣ ಕೀಲಿ ತಿರುಗಿಸಿದೆ. ಮೂರು ನಿಂತಿತು.

ನಿಲ್ಲಿಸಿದರೆ ಸಾಲದು. ಇಂಜಿನಿಯರ ಬಳಿಯೂ ಕೀಲಿಯಿದೆ. ಈ ನುಗ್ಗಾಟ ದಾಟಿ ಇಳಿದು ಬರುವುದಷ್ಟೇ ತಡ, ಮತ್ತೆ ಓಡಿಸುತ್ತಾರೆ. ಬುಡದ ನೆಲದ ತಗಡನ್ನು ಹಿಡಿ ಹಾಕಿ ಎತ್ತಿದೆ. ರಿಪೇರಿಗೆ ಮೆಟ್ಟಿಲು ಬಿಚ್ಚುವುದು ಅಲ್ಲಿಂದಲೇ. ಎರಡು ಬೋಲ್ಟು ಸಡಿಲಿಸಿದರೆ ಒಂದು ಮೆಟ್ಟಿಲು ಇಡಿಯಾಗಿ ಕೈಗೆ ಬರುತ್ತದೆ, ಹದಿನೈದು ಕೆಜಿ ಚಿಲ್ಲರೆ. ಗ್ರೀಸಣ್ಣ ಜೊತೆಗಿದ್ದರೆ ಆರು ನಿಮಿಷದ ಕೆಲಸ, ನನಗೊಬ್ಬನಿಗೇ ಹನ್ನೊಂದು ಹಿಡಿಯಿತು. ಎರಡು ಮೆಟ್ಟಿಲು ಬಿಚ್ಚಿದೆ. ಅವು ಇದ್ದ ಜಾಗದಲ್ಲಿ ಕಪ್ಪು ತೂತು. ಅಂಥ ತೂತು ಇಟ್ಟುಕೊಂಡು ಯಾವ ಇಂಜಿನಿಯರನ ಅಪ್ಪನೂ ಎಸ್ಕಲೇಟರು ಓಡಿಸಲಾರ.

ಅಕ್ಕ ಒದ್ದೆ ನೆಲಕ್ಕೆ ಇಡುವ ಹಳದಿ ಹಲಗೆಗಳನ್ನು ಸುತ್ತ ನಿಲ್ಲಿಸಿದಳು. ನಾನು ಒಂದು ಮೆಟ್ಟಿಲನ್ನು ಹೆಗಲ ಮೇಲೆ, ಇನ್ನೊಂದನ್ನು ಕಂಕುಳಲ್ಲಿ ಹೊತ್ತು ಕಲ್ಲು ಮೆಟ್ಟಿಲು ಹತ್ತಿದೆ. ಎಲ್ಲಿಗೆ ಒಯ್ಯಬೇಕೆಂದು ಯೋಚಿಸಿರಲಿಲ್ಲ. ಅವರ ಕೈಗೆ ಸಿಗಬಾರದು, ಅಷ್ಟೇ. ಜನ ದಾರಿ ಬಿಟ್ಟರು. ರೈಲು ನಿಲ್ದಾಣದ ಹೊರಬಾಗಿಲಿನ ಹತ್ತಿರ ನಾಲ್ವರು ಸೆಕ್ಯುರಿಟಿಯವರು ಬಿದ್ದು ಹಿಡಿದರು. ಒಬ್ಬ ಸರಿಯಾಗಿ ಒಂದು ಬಿಟ್ಟ. ತುಟಿ ಒಡೆಯಿತು. ಮೆಟ್ಟಿಲು ಮಾತ್ರ ಬಿಡಲಿಲ್ಲ ನಾನು.

ಪೊಲೀಸ್ ಚೌಕಿ ಹಾಲಿನ ಮೂಲೆಯಲ್ಲೇ ಇತ್ತು. ಒಂದು ಮೇಜು, ಕಬ್ಬಿಣದ ಬೀರು, ಗೋಡೆಯಲ್ಲಿ ಕಾಣೆಯಾದವರ ಫೋಟೋಗಳು. ಬರೆಯುವ ಕೆಲಸದ ಪೊಲೀಸು ವಯಸ್ಸಾದ ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ್ದರು. ಎರಡು ಮೆಟ್ಟಿಲುಗಳನ್ನು ಮೇಜಿನ ಕೆಳಗೆ ಇಡಿಸಿ, ಕಾಲಿನಲ್ಲಿ ಒಮ್ಮೆ ತಟ್ಟಿ ನೋಡಿದರು.

"ಮೂವತ್ತು ವರ್ಷ ಸರ್ವಿಸು. ಪಾಕೀಟು ಕದ್ದೋರನ್ನ ನೋಡಿದೀನಿ, ಸೂಟ್‌ಕೇಸು ಕದ್ದೋರನ್ನ ನೋಡಿದೀನಿ. ಮೆಟ್ಲು ಕದ್ದೋನು ನೀನೇ ಮೊದಲು ಕಣಯ್ಯ. ಮನೆಗೆ ಮಹಡಿ ಕಟ್ಟಿಸ್ತಾ ಇದೀಯಾ?"

ನಾನು ಎಲ್ಲ ಹೇಳಿದೆ. ಚೈನು, ಸ್ವಿಚ್ಚು, ವೈರು, ಬಟ್ಟೆ. ಕೂಗಿ ಹೇಳಿದೆ, ಮೇಜು ಗುದ್ದಿ ಹೇಳಿದೆ. ಅವರು ಬರೆಯಲಿಲ್ಲ, ಕೇಳಿಸಿಕೊಂಡರು. ಅರ್ಧ ಗಂಟೆಯ ಮೇಲೆ ಇಂಜಿನಿಯರು ಬಂದರು. ಟೈಪು ಮಾಡಿಸಿದ ದೂರು ಕೈಯಲ್ಲಿತ್ತು. ಕಂಪನಿಯ ಎರಡು ಮೆಟ್ಟಿಲು ಕಳವು, ನನ್ನ ಹೆಸರು. ಸುರಕ್ಷತೆ ಗುರುತು ಕಿತ್ತುಹಾಕಿದ್ದು, ಅಕ್ಕನ ಹೆಸರು.

"ಈ ಹುಡುಗ ಏನೋ ವೈರು ಅಂತಾನಲ್ಲ ಸಾರ್," ಅಂದರು ಪೊಲೀಸು.

"ಯಾವ ವೈರು?" ಇಂಜಿನಿಯರ ಮುಖ ಕೆರೆಯ ನೀರಿನ ಹಾಗೆ ತಣ್ಣಗಿತ್ತು. "ಕೆಲಸ ಬರದವನು ಕತೆ ಕಟ್ತಾನೆ. ಪ್ಯಾನಲ್ ಕೀಲಿ ತಗೊಳ್ಳಿ, ಯಾರನ್ನಾದ್ರೂ ಕಳಿಸಿ ನೋಡ್ಸಿ. ಕಾವಲು ಸ್ವಿಚ್ಚು ಸರಿಯಾಗಿ ಇದೆ. ಯಾವತ್ತೂ ಹಾಗೇ ಇತ್ತು."

ಕೀಲಿ ಕೊಡಲು ಕೈ ಚಾಚಿದಾಗ ಅವರ ಬಿಳಿ ತೋಳಿನ ತುದಿಯಲ್ಲಿ ಗ್ರೀಸಿನ ಕರಿ ಕಲೆ ಕಂಡಿತು, ಹಸಿಯಾದದ್ದು. ತಮ್ಮ ಕೈಯಾರೆ ವೈರು ಕಿತ್ತು ಬಂದಿದ್ದರು.

ಕೋಪ ನೆತ್ತಿಗೇರಿತು. ಬಾಯಿ ತೆರೆದೆ. ತೆರೆದ ಬಾಯಿಯಲ್ಲೇ ಇನ್ನೊಂದು ವಿಷಯ ಹೊಳೆಯಿತು, ಬಾಯಿ ಮುಚ್ಚಿದೆ.

ವೈರು ಹೋಯಿತೆಂದರೆ ಸ್ವಿಚ್ಚಿಗೆ ಎಚ್ಚರವಾಯಿತು. ಇನ್ನು ಬೇರೆಲ್ಲಿಂದಲೋ ಎರಡು ಮೆಟ್ಟಿಲು ತಂದು ಹಾಕಿದರೂ ಆ ಚೈನಿನಲ್ಲಿ ಮೂರನೇ ನಂಬರು ಐದು ನಿಮಿಷವೂ ಓಡುವುದಿಲ್ಲ, ಜನರ ಭಾರ ಬಿದ್ದ ಕೂಡಲೇ ತಾನೇ ನಿಲ್ಲುತ್ತದೆ. ಮತ್ತೆ ವೈರು ಹಾಕುವಂತಿಲ್ಲ, ಹಾಕಿ ಸಿಕ್ಕಿಬಿದ್ದರೆ ನಾನು ಹೇಳಿದ್ದು ನಿಜವಾಗುತ್ತದೆ. ನನ್ನನ್ನು ಸುಳ್ಳನೆಂದು ತೋರಿಸಲು ಆ ಮನುಷ್ಯ ನಾನು ಬೇಡಿಕೊಂಡರೂ ಮಾಡದ ಕೆಲಸವನ್ನು ಮಾಡಿ ಬಂದಿದ್ದ. ನಾನು ಸುಳ್ಳನಾಗಿ ಇರುವವರೆಗೂ ಮೂರರ ಮೇಲೆ ಯಾರೂ ಸಾಯುವುದಿಲ್ಲ.

ನೋಡಲು ಹೋದ ಪೇದೆ ಬಂದು, "ವೈರು ಗೀರು ಏನೂ ಇಲ್ಲ, ಕ್ಲೀನಾಗಿದೆ" ಅಂದ.

"ಈಗೇನಂತೀಯಪ್ಪ?" ಕನ್ನಡಕದ ಮೇಲಿನಿಂದ ನೋಡಿದರು ಪೊಲೀಸು.

"ಏನಿಲ್ಲ ಸಾರ್. ವೈರು ಇರಲಿಲ್ಲ. ಸುಳ್ಳು ಹೇಳ್ದೆ. ಮೆಟ್ಲು ನಾನೇ ಕದ್ದೆ, ಗುಜರಿಗೆ ಹಾಕೋಣ ಅಂತ. ಬರ್ಕೊಳ್ಳಿ."

ಇಂಜಿನಿಯರು ಮೊದಲ ಸಲ ನನ್ನನ್ನು ಕಣ್ಣಿಟ್ಟು ನೋಡಿದರು. ಪೊಲೀಸು ಲೇಖನಿಯನ್ನು ಮುಚ್ಚಿ ಮತ್ತೆ ತೆರೆದರು. ದೂರಿನ ಎರಡನೇ ಸಾಲಿನ ಮೇಲೆ ಅದರ ತುದಿ ನಿಂತಿತು.

"ಅಲ್ಲಾ ಸಾರ್, ಎಲ್ಲ ಸರಿಯಾಗೇ ಇತ್ತು ಅಂದ್ರಿ. ಹಾಗಿದ್ರೆ ಈ ಹೆಂಗಸು ಕಿತ್ತ ಗುರುತು ಯಾವುದರ ಗುರುತು? ನಾಳೆ ಸಾಹೇಬರು ಕೇಳ್ತಾರೆ, ನಾನೇನು ಬರೀಲಿ?"

ಇಂಜಿನಿಯರು ದೂರಿನ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು. "ಅದು... ಅದನ್ನ ಹೊಡೆದು ಹಾಕಿ. ಟೈಪಿಂಗ್ ತಪ್ಪು."

ಪೊಲೀಸು ಅಳತೆಕೋಲು ಇಟ್ಟು ನೇರವಾಗಿ ಒಂದು ಗೆರೆ ಎಳೆದರು. ಅಕ್ಕನ ಹೆಸರು ಅದರ ಕೆಳಗೆ ಹೋಯಿತು. ಇಂಜಿನಿಯರು ಮೇಜಿನ ಕೆಳಗೆ ಬಗ್ಗಿ ಮೆಟ್ಟಿಲು ಎಳೆಯಲು ನೋಡಿದಾಗ ಅವರು ಬೂಟು ಕಾಲನ್ನು ಅದರ ಮೇಲೆ ಇಟ್ಟರು. "ಇದು ಈಗ ಕೇಸಿನ ಮಾಲು ಸಾರ್. ಕೋರ್ಟಿನಿಂದ ಬಿಡಿಸ್ಕೋಬೇಕು."

"ಎಷ್ಟು ದಿನ ಆಗತ್ತೆ?"

"ಆದಷ್ಟು ದಿನ."

ನನ್ನ ಕೀಲಿ, ಕಂಪನಿಯ ಗುರುತಿನ ಚೀಟಿ ಎರಡನ್ನೂ ಇಂಜಿನಿಯರು ತೆಗೆದುಕೊಂಡು ಹೋದರು. ಪೊಲೀಸು ನನ್ನ ವಿಳಾಸ ಬರೆದುಕೊಂಡು, ಬೆಳಿಗ್ಗೆ ಹತ್ತಕ್ಕೆ ಬಾ, ಬರದಿದ್ದರೆ ಮನೆಗೇ ಬರ್ತೀನಿ ಅಂದರು. ಬಾಗಿಲು ದಾಟುವಾಗ ಮೆಲ್ಲಗೆ ಕೇಳಿದರು. "ನನ್ನ ಮನೆಯವಳು ಐದೂ ಮುಕ್ಕಾಲಿಗೆ ಆ ಕೆಳಗಿನ ದಾರೀಲೇ ಬರೋದು. ವೈರು ಇತ್ತಾ?"

"ಇರಲಿಲ್ಲ ಸಾರ್," ಅಂದೆ.

ಅಕ್ಕ ಹೊರಗೆ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ನನ್ನ ತುಟಿ ನೋಡಿ ಎದ್ದು ನಿಂತಳು.

"ಏನಂತೆ?"

"ಕಳ್ಳ ಅಂತೆ."

"ನಂದು?"

"ನಿಂದೇನೂ ಇಲ್ಲ. ನಾಳೆ ಕೆಲಸಕ್ಕೆ ಬಾ. ಬಟ್ಟೆ ಅಂತ ಒಂದು ಇತ್ತು ಅನ್ನೋದನ್ನೇ ಮರೆತುಬಿಡು."

ಅವಳು ನನ್ನ ತಲೆಗೆ ಒಂದು ಮೊಟಕಿದಳು, ಜೋರಾಗಿಯೇ. ಆಮೇಲೆ ಅದೇ ಕೈಯಿಂದ ತುಟಿಯ ರಕ್ತ ಒರೆಸಿದಳು. ಮನೆಗೆ ಹೋಗಲು ನಾವೂ ಕೆಳಗಿಳಿದು ಮೆಟ್ರೋ ಹಿಡಿಯಬೇಕು. ಎಸ್ಕಲೇಟರುಗಳ ತುದಿಗೆ ಬಂದೆವು. ಮೂರು ಕತ್ತಲಾಗಿ ಬಿದ್ದಿತ್ತು. ಅದರ ಪಾಲಿನ ಜನವೆಲ್ಲ ಎರಡರ ಮೇಲೆ ಬಂದಿದ್ದರು. ಇಟ್ಟಿಗೆ ಪೇರಿಸಿದ ಹಾಗೆ, ಮೆಟ್ಟಿಲಿಗೆ ಇಬ್ಬರಲ್ಲ, ಮೂವರು.

ಅಕ್ಕ ನಿಂತುಬಿಟ್ಟಳು. "ಲೋ, ಎರಡರ ಹೊಟ್ಟೆ ಕೊನೇ ಸಲ ತೆಗೆದು ನೋಡಿದ್ದು ಯಾವಾಗ?"

ನೆನಪು ಮಾಡಿಕೊಂಡೆ. ತಿಂಗಳುಗಳು ಹಿಂದಕ್ಕೆ ಹೋದವು, ಎಲ್ಲೂ ನಿಲ್ಲಲಿಲ್ಲ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಕೀಲಿಯಿರಲಿಲ್ಲ.

ಕೆಳಗೆ ಇನ್ನೊಂದು ಮೆಟ್ರೋ ಬಂದಿರಬೇಕು. ಸುರಂಗದಿಂದ ಬಿಸಿಗಾಳಿ ನುಗ್ಗಿ ಮೇಲೆ ಬಂದು ಅಕ್ಕನ ಸೆರಗು ಹಾರಿಸಿತು. ಗಾಳಿಯ ಹಿಂದೆಯೇ ಸಾವಿರ ಕಾಲುಗಳ ಸದ್ದು ಎರಡರ ಬುಡದ ಕಡೆಗೆ ಓಡಿ ಬರುತ್ತಿತ್ತು.